ಎಂಟು ಟನ್ ಹೆಚ್ಚಾದ ವಿಮಾನ

ಕರೋಶಿ
2 ಜೂನ್ 2013

ಉಜ್ವಲಾ, ಸಿಟ್ಟಿನಲ್ಲಿದ್ದರೂ ಈ ಕಾಗದ ಹರಿಯದೆ ಓದುವವಳೇ,

ಫೋನ್ ಮಾಡಿದಾಗೆಲ್ಲ ನಿನ್ನ ರಾಮವ್ವಜ್ಜಿ ಎತ್ತುತ್ತಾಳೆ. ನೀನು ಬಾವಿಗೆ ಹೋಗಿದ್ದೀ ಅನ್ನುತ್ತಾಳೆ. ನಿನ್ನೆ ಒಂದೇ ದಿನ ನಾಲ್ಕು ಸಲ ಬಾವಿಗೆ ಹೋಗಿದ್ದಿ. ಅಷ್ಟು ನೀರು ಅನಂತಪುರದಲ್ಲಿ ಯಾರ ಮನೆಗೆ ಬೇಕು? ನಿನಗೆ ನನ್ನ ಜೊತೆ ಮಾತು ಬೇಡ ಎಂದು ತಿಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ಹತ್ತನೇ ತರಗತಿ ಬಿಟ್ಟ ಮೇಲೆ ಇಷ್ಟು ಉದ್ದ ಬರೆಯುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಂಡು ಓದು.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಆವತ್ತು ನಿನ್ನ ಬಗ್ಗೆ ನಾನು ಹೇಳಿದ್ದು ತಪ್ಪು. ಪುಣೆಯ ವಿಮಾನ ದುರಸ್ತಿ ಕೋರ್ಸಿಗೆ ಅರ್ಜಿ ಹಾಕಲು ಹದಿನೈದನೇ ತಾರೀಖು ಕೊನೆ. ಇನ್ನೂ ಹದಿಮೂರು ದಿನ ಇವೆ. ನೀನು ಅರ್ಜಿ ಹಾಕಬೇಕು. ಯಾಕೆ ಎಂದು ಹೇಳಲು ಮೊದಲಿಂದ ಬರಬೇಕಾಗುತ್ತದೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ದಾರಿ ತಪ್ಪುತ್ತದೆ.

ನಿನ್ನ ಅಣ್ಣ ಬಸವಂತ ಕೊಲ್ಲಾಪುರದಿಂದ ವಿಮಾನ ಹಾರಿಸುವ ಆ ಡಿಸ್ಕು ತಂದು ರಾಜಾರಾಮ ಮಾಮಾನ ಪಡಸಾಲೆಯ ಕಂಪ್ಯೂಟರಿಗೆ ಹಾಕಿದ ದಿನ ನೆನಪಿದೆಯೇ? ಆಟ ಎಂದುಕೊಂಡಿದ್ದೆವು. ಒಂದು ಗುಂಡಿ ಒತ್ತಿದರೆ ಹಾರುತ್ತದೆ ಎಂದುಕೊಂಡಿದ್ದೆವು. ಪರದೆ ಮೇಲೆ ಬೋಯಿಂಗ್ ವಿಮಾನದ ಪೈಲಟ್ ಕೂರುವ ಮುಂಗೋಣೆ ಬಂತು, ಒಂದು ದೀಪವೂ ಇಲ್ಲ. ಎರಡು ದಿನ ನಾವು ಕತ್ತಲೆಯನ್ನೇ ನೋಡುತ್ತ ಕೂತೆವು. ಮೂರನೇ ದಿನ ಬ್ಯಾಟರಿಯ ಗುಂಡಿ ಸಿಕ್ಕಿತು. ಮುನ್ನೂರು ಪುಟದ ಇಂಗ್ಲಿಷ್ ಪುಸ್ತಕವನ್ನು ಚಿಕ್ಕೋಡಿಯಲ್ಲಿ ಜೆರಾಕ್ಸ್ ಮಾಡಿಸಿ ತಂದೆವು. ನೀನು ಪಿಯುಸಿ ವಿಜ್ಞಾನದವಳು, ಓದಿ ಹೇಳುವುದು ನಿನ್ನ ಕೆಲಸ. ನನಗೆ ಒಂದೇ ಕಡೆ ಕೂತು ಓದಲು ಆಗುವುದಿಲ್ಲ, ಒತ್ತುವುದು ನನ್ನ ಕೆಲಸ.

ಬಾಲದಲ್ಲೊಂದು ಸಣ್ಣ ಎಂಜಿನ್ ಇರುತ್ತದೆ, ಮೊದಲು ಅದನ್ನು ಎಬ್ಬಿಸಬೇಕು, ಅದರ ಗಾಳಿಯಿಂದ ದೊಡ್ಡ ಎಂಜಿನ್ ತಿರುಗುತ್ತದೆ ಎಂದು ಪುಸ್ತಕ ಹೇಳಿತು. ಎಷ್ಟು ಸಲ ಮಾಡಿದರೂ ದೊಡ್ಡದು ಅರ್ಧ ತಿರುಗಿ ನಿಲ್ಲುತ್ತಿತ್ತು. ಏಳು ದಿನ ಹಾಗೇ ಆಯಿತು. ನೀನು ಗಲ್ಲಕ್ಕೆ ಪೆನ್ನು ಒತ್ತಿಕೊಂಡು ಕೂತಿದ್ದಿ. ಆಮೇಲೆ ಕೇಳಿದಿ, ಕರೆಂಟು ಸಣ್ಣಗೆ ಬಂದಾಗ ಅಪ್ಪ ಉಳಿದದ್ದೆಲ್ಲ ಬಂದ್ ಮಾಡಿಯೇ ಬೋರಿನ ಮೋಟಾರು ಚಾಲೂ ಮಾಡುತ್ತಾನಲ್ಲ, ಇಲ್ಲೂ ಗಾಳಿಯನ್ನು ಬೇರೆ ಯಾರೋ ತಿನ್ನುತ್ತಿರಬೇಕು ಅಲ್ಲವೇ ಎಂದು. ಹುಡುಕಿದೆವು. ಜನರಿಗೆ ತಂಪು ಗಾಳಿ ಕೊಡುವ ಯಂತ್ರಗಳು ತಿನ್ನುತ್ತಿದ್ದವು. ಬಂದ್ ಮಾಡಿದ ಕೂಡಲೇ ಎಂಜಿನ್ ಎದ್ದಿತು. ಆ ಸದ್ದಿಗೆ ನಮ್ಮವ್ವ ದ್ರೌಪದಿ ಒಳಗಿನಿಂದ ಓಡಿಬಂದು, ಪಕ್ಕದ ಹಿಟ್ಟಿನ ಗಿರಣಿಗೆ ಏನಾಯಿತು ಎಂದು ಕೇಳಿದ್ದಳು.

ಒಂದು ತಿಂಗಳಲ್ಲಿ ಮುಂಬೈಯಿಂದ ಬೆಳಗಾವಿಯ ಸಾಂಬ್ರಾ ತನಕ ಬರುವುದನ್ನು ಕಲಿತೆವು. ಎಡಗಡೆ ನಾನು, ಬಲಗಡೆ ನೀನು. ಇಳಿಸುವುದು ನಾನು. ಗಾಲಿ ನೆಲ ಮುಟ್ಟಿದ ಮೇಲೆ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ಬ್ರೇಕ್ ಹಾಕುವುದು ನೀನು. ಸಾಂಬ್ರಾದ ಓಡುದಾರಿ ಗಿಡ್ಡ. ಪ್ರತಿ ಸಲ ವಿಮಾನ ನಿಲ್ಲದೆ ದಾರಿಯ ಕೊನೆ ದಾಟಿ ಹುಲ್ಲಿಗೆ ನುಗ್ಗುತ್ತಿತ್ತು. ಮೂರನೇ ಸಲ ನೀನು, ನಾವು ಬಹಳ ಜೋರಾಗಿ ಇಳಿಯುತ್ತಿದ್ದೇವೆ, ಪುಸ್ತಕದ ಕೋಷ್ಟಕದಲ್ಲಿ ವೇಗ ಇದಕ್ಕಿಂತ ಕಡಿಮೆ ಇದೆ ಎಂದು ಹೇಳಿದಿ. ನಾನು ಕೇಳಲಿಲ್ಲ. ವಿಮಾನದ ಕಂಪ್ಯೂಟರೇ ಆ ವೇಗ ಹೇಳುತ್ತಿದೆ, ಅದು ಹೇಗೆ ತಪ್ಪುತ್ತದೆ ಎಂದೆ.

ಏಳನೇ ಸಲ ಎಲ್ಲರೂ ನೋಡಲು ಬಂದಿದ್ದರು. ಮಾಮಾ, ಅವ್ವ, ಬಸವಂತಣ್ಣ, ಮತ್ತು ಕುರಿಗಳನ್ನು ಹಟ್ಟಿಗೆ ಸೇರಿಸಿ ಕಂಬಳಿ ಹೆಗಲ ಮೇಲೆಯೇ ಇಟ್ಟುಕೊಂಡು ಬಂದಿದ್ದ ನಿಮ್ಮಪ್ಪ ಜಕ್ಕಪ್ಪ ಕಾಕಾ. ಅವನ ಕಿಸೆಯಲ್ಲಿ ಪುಣೆಯ ಅರ್ಜಿ ಇತ್ತು. ಸಹಿ ಮಾಡಲೋ ಬೇಡವೋ ಎಂದು ಹೊಯ್ದಾಡುತ್ತ ಬಂದಿದ್ದ. ವಿಮಾನ ಮತ್ತೆ ಹುಲ್ಲಿಗೆ ಹೋಯಿತು. ಯಾಕೆ ಹಿಂಗಾಯಿತು ಎಂದು ಕಾಕಾ ನನ್ನನ್ನು ಕೇಳಿದ. ನಾನು ಹೇಳಿದೆ, "ಇಕಿ ಕೈ ಅಂಜತೈತಿ ಕಾಕಾ. ಗಾಲಿ ಮುಟ್ಟಿದ ಕೂಡ್ಲೆ ಮಾಡೂದನ್ನ ತಡಾ ಮಾಡ್ತಾಳ. ಯಂತ್ರದ ಕೆಲಸ ಇಕಿಗೆ ಆಗಂಗಿಲ್ಲ."

ಬೇರೆ ಯಾರಾದರೂ ಹೇಳಿದ್ದರೆ ಕಾಕಾ ನಕ್ಕು ಬಿಡುತ್ತಿದ್ದ. ಆದರೆ ಹೋದ ವರ್ಷ ಗಾಡಿ ತೂಗುವ ಮಾಮಾನ ಕಾಟಾ ನಲವತ್ತು ಕಿಲೋ ತಪ್ಪು ತೋರಿಸುತ್ತಿದೆ ಎಂದು ಗಾಡಿ ತೂಗಲು ಬಂದವರ ಮುಂದೆಯೇ ಹೇಳಿದವಳು ನಾನು. ಮಾಮಾ ನಾಲ್ಕು ದಿನ ನನ್ನ ಜೊತೆ ಮಾತಾಡಿರಲಿಲ್ಲ. ಅಂದಿನಿಂದ ಊರಿನಲ್ಲಿ ನನ್ನ ಮಾತಿಗೆ ಒಂದು ಬೆಲೆ ಬಂದಿದೆ. "ನೀಲಮ ಸುಳ್ಳ ಹೇಳಂಗಿಲ್ಲ," ಎಂದು ಕಾಕಾ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ತುರುಕಿದ. ನೀನು ನಿನ್ನ ಕೈಯನ್ನೇ ನೋಡಿಕೊಂಡಿ. ಮರುದಿನ ಅಜ್ಜಿಯ ಊರಿಗೆಂದು ಅಥಣಿ ಬಸ್ಸು ಹತ್ತಿದಿ.

ಈಗ ಮೊನ್ನೆ ಗುರುವಾರದ ಮಾತು. ನಾನು ಕಾಟಾದಲ್ಲಿ ತೂಕ ಬರೆಯಲು ಕೂತಿದ್ದೆ. ಕಾಗವಾಡದ ದಶರಥನ ಲಾರಿ ಬಂತು. ನಮ್ಮಲ್ಲಿ ಯಾವಾಗಲೂ ತುಂಬಿದ ಗಾಡಿ ಮೊದಲು ಬರುತ್ತದೆ, ಇಳಿಸಿ ಖಾಲಿಯಾಗಿ ತಿರುಗಿ ಬರುತ್ತದೆ. ಹಾಗಾಗಿ ಮೊದಲು ಕಂಡ ಅಂಕಿ ಪರದೆಯಲ್ಲಿ ತುಂಬಿದ ತೂಕ ಬರೆಯುವ ಮನೆಗೆ ಹೋಗುವುದು ನನ್ನ ಬೆರಳಿಗೆ ರೂಢಿ. ಅಂಕಿ ಹೊಡೆದೆ. ದಶರಥ ಕಿಟಕಿಯಿಂದ ಇಣುಕಿ ನೋಡಿ, "ನನ್ನ ಗಾಡಿ ಇನ್ನೂ ಉಪಾಸ ಐತವ್ವಾ. ಅರಿಶಿಣಾ ಉಂಡ ಬಂದ ಮ್ಯಾಲ ಆ ಮನ್ಯಾಗ ಬರಿ," ಅಂದ. ನಾನೂ ನಕ್ಕೆ. ಅಳಿಸಲು ಹೋದವಳ ಕೈ ಅಲ್ಲೇ ನಿಂತಿತು.

ವಿಮಾನದ ಕಂಪ್ಯೂಟರಿನಲ್ಲೂ ತೂಕ ಬರೆಯುವ ಒಂದು ಮನೆ ಇದೆಯಲ್ಲ, ಹೊರಡುವ ಮುಂಚೆ ನಾನೇ ತುಂಬುವುದು. ಯಾವ ತೂಕ ಎಂದು ನಾನು ಯಾವತ್ತೂ ನಿನ್ನನ್ನು ಓದಿ ಹೇಳು ಎಂದು ಕೇಳಿರಲಿಲ್ಲ. ತೂಕ ನನ್ನ ಕೆಲಸ, ನನಗೆ ಗೊತ್ತು ಎಂಬ ಸೊಕ್ಕು. ಸಂಜೆ ಶಬ್ದಕೋಶ ಹಿಡಿದು ಒಬ್ಬಳೇ ಆ ಪುಟ ಓದಿದೆ. ಒಂದು ಪುಟಕ್ಕೆ ಎರಡು ತಾಸು ಬೇಕಾಯಿತು. ಆ ಮನೆಯಲ್ಲಿ ಬರೆಯಬೇಕಾದದ್ದು ಟಾಕಿಯಲ್ಲಿರುವ ಎಣ್ಣೆ ಬಿಟ್ಟು ಉಳಿದ ತೂಕ. ಎಣ್ಣೆಯನ್ನು ವಿಮಾನ ತಾನೇ ಕೂಡಿಸಿಕೊಳ್ಳುತ್ತದೆ. ನಾನು ಏಳು ಸಲವೂ ಎಣ್ಣೆ ಸಮೇತ ಬರೆದಿದ್ದೆ. ಅದು ಎಂಟು ಟನ್ ಎಣ್ಣೆಯನ್ನು ಎರಡನೇ ಸಲ ಕೂಡಿಸಿಕೊಂಡು, ತಾನು ಇರುವುದಕ್ಕಿಂತ ಎಂಟು ಟನ್ ಭಾರ ಇದ್ದೇನೆ ಎಂದು ನಂಬಿ, ಅಷ್ಟು ಭಾರಕ್ಕೆ ಬೇಕಾದ ವೇಗ ಹೇಳುತ್ತಿತ್ತು. ನೀನು ಕೋಷ್ಟಕ ನೋಡಿ ಹೇಳಿದ್ದು ಸರಿಯಾಗಿತ್ತು.

ಸರಿ ಅಂಕಿ ಹಾಕಿ ಮುಂಬೈಯಿಂದ ಒಬ್ಬಳೇ ಬಂದೆ. ಎರಡೂ ಕಡೆಯ ಕೆಲಸ ಮಾಡುತ್ತ ಕೈ ತಡವರಿಸಿತು, ಆದರೂ ವಿಮಾನ ದಾರಿಯ ಮೇಲೇ ನಿಂತಿತು. ಇದರಿಂದ ನಿನ್ನ ಕೈ ತಡವಾಗಲಿಲ್ಲ ಎಂದು ಸಾಬೀತಾಗುವುದಿಲ್ಲ, ನನಗೆ ಗೊತ್ತು. ಎರಡೂ ತಪ್ಪು ಒಟ್ಟಿಗೆ ಇರಬಹುದಿತ್ತು. ಏಳನೇ ಸಲದ ಇಳಿಯುವಿಕೆಯನ್ನು ಮೊಬೈಲನ್ನು ನಮ್ಮ ಬೆನ್ನ ಹಿಂದೆ ನಿಲ್ಲಿಸಿ ವಿಡಿಯೋ ಮಾಡಿ ಕಂಪ್ಯೂಟರಿಗೆ ಹಾಕಿಟ್ಟಿದ್ದೆನಲ್ಲ, ಅದನ್ನು ಹಾಕಿದೆ. ಮೊಬೈಲಿನ ಗಡಿಯಾರ ಹಿಡಿದು ಐದು ಸಲ ನೋಡಿದೆ. ಗಾಲಿ ಮುಟ್ಟಿದ್ದಕ್ಕೂ ನಿನ್ನ ಕೈ ಒತ್ತಿದ್ದಕ್ಕೂ ನಡುವೆ ಒಂದು ಸೆಕೆಂಡು. ಐದು ಸಲವೂ ಒಂದೇ. ತಡ ಮಾಡಿದವಳು ನಾನು. ವಿಮಾನದ ಮೂತಿ ಎತ್ತಿ ಹಿಡಿದು ಗಾಳಿಯಲ್ಲೇ ತೇಲುತ್ತ ಅರ್ಧ ದಾರಿ ತಿಂದಿದ್ದೆ.

ನಿನ್ನೆ ಬೆಳಿಗ್ಗೆ ಕೆರೆಯ ಆಚೆ ಕುರಿ ಬಿಟ್ಟಿದ್ದ ಕಾಕಾನ ಹತ್ತಿರ ಹೋಗಿ ಇದನ್ನೆಲ್ಲ ಹೇಳಿದೆ. ಟನ್ನು, ಎಣ್ಣೆ ಅವನಿಗೆ ಎಷ್ಟು ತಿಳಿಯಿತೋ. ಹಾಗಾದರೆ ಆವತ್ತು ಸುಳ್ಳು ಹೇಳಿದೆಯಾ ಎಂದು ಕೇಳಿದ. ಸುಳ್ಳಲ್ಲ, ನನಗೆ ಹಾಗೇ ಕಂಡಿತ್ತು ಎಂದೆ. ಕಾಕಾ ಒಂದು ಮರಿಯನ್ನು ಕೋಲಿನಿಂದ ಈಚೆ ತಿರುಗಿಸಿ ಹೇಳಿದ, "ಕುರಿಗೆ ಎರಡೂ ಒಂದ ಅವ್ವಾ. ದಾರಿ ತಪ್ಪಿಸಿದವ ಬೇಕಂತ ತಪ್ಪಿಸ್ಯಾನೊ, ಗೊತ್ತಿಲ್ದ ತಪ್ಪಿಸ್ಯಾನೊ, ಅದಕ್ಕೇನ ಗೊತ್ತು?"

ಸಂಜೆ ಕಾಕಾ ನಮ್ಮ ಮನೆಗೆ ಬಂದು, ಎಲ್ಲಿ ಸಹಿ ಮಾಡಬೇಕು ತೋರಿಸು ಎಂದ. ತೋರಿಸಿದೆ. ಉಜ್ವಲಾ ಹೂಂ ಅಂದರೆ ಮಾತ್ರ ಕಳಿಸುವುದು ಎಂದು ಎರಡು ಸಲ ಹೇಳಿದ. ಅರ್ಜಿಯನ್ನೂ ಈ ಕಾಗದವನ್ನೂ ನಾಳೆ ಬಸವಂತಣ್ಣ ಗಾಡಿಯ ಮೇಲೆ ತರುತ್ತಾನೆ.

ನೀನು ದೊಡ್ಡ ಮೆಕ್ಯಾನಿಕ್ ಆಗುತ್ತೀ ಎಂದು ನಾನು ಬರೆಯುವುದಿಲ್ಲ. ಗೊತ್ತಿಲ್ಲದ್ದನ್ನು ಒಂದು ಸಲ ಹೇಳಿ ಸಾಕಾಗಿದೆ. ನಿನ್ನ ಕೈ ಅಂಜುವುದಿಲ್ಲ. ಇದು ಅಳೆದು ನೋಡಿದ ಮಾತು.

ಪುಟ ಮುಗಿಯಿತು, ಅಂಚಿನಲ್ಲಿ ಬರೆಯುತ್ತಿದ್ದೇನೆ.

ನಿನ್ನ ಎಡಗಡೆಯವಳು,
ನೀಲಮ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಒಂದನ್ನು ಬಿಟ್ಟಿದ್ದೆ. ಆವತ್ತು ಕಾಕಾ ಅರ್ಜಿಯನ್ನು ಕಿಸೆಗೆ ತುರುಕಿದಾಗ ನನಗೆ ಖುಷಿಯಾಗಿತ್ತು. ನೀನು ಪುಣೆಗೆ ಹೋಗುವುದಿಲ್ಲ, ನನ್ನ ಬಲಗಡೆಯೇ ಕೂತಿರುತ್ತೀ ಎಂದು. ಆ ವಿಡಿಯೋ ಹನ್ನೊಂದು ದಿನ ಕಂಪ್ಯೂಟರಿನಲ್ಲೇ ಇತ್ತು. ನೋಡಲು ಹತ್ತು ನಿಮಿಷ ಸಾಕಿತ್ತು. ಮರೆತಿದ್ದೆ ಎಂದು ಬರೆಯಲು ಹೊರಟಿದ್ದೆ. ಮರೆತಿರಲಿಲ್ಲ. ನನಗೆ ಏನು ಬೇಕಾದರೂ ಅನ್ನು, ಅರ್ಜಿಯನ್ನು ಮಾತ್ರ ನಿನ್ನ ಸಹಿ ಮಾಡಿ ಬಸವಂತಣ್ಣನ ಕೈಯಲ್ಲೇ ಕೊಟ್ಟು ಕಳಿಸು.