ಎಡಗೈಯ ಟ್ಯೂಬು

ಆಗಸ್ಟ್ 12, ಮಂಗಳವಾರ

ಡಾಕ್ಟರಮ್ಮನ ಹಿಗ್ಗು ಯಾಕೋ ನನಗೆ ನಂಬಿಕೆ ತರಲಿಲ್ಲ. ರಾಮನಗರದಲ್ಲಿ ಬಿಸಿನೀರಿಗೆ ಕೈ ಹಾಕಿ ರೇಷ್ಮೆಗೂಡು ಬಿಚ್ಚುವ ನಮ್ಮಂಥವರ ಕೈಕಜ್ಜಿಯ ಮೇಲೆ ಸಂಶೋಧನೆಯಂತೆ. ತಿಂಗಳ ಹಿಂದೆ ಎರಡು ಟ್ಯೂಬು ಕೊಟ್ಟಿದ್ದರು: ಎಡಗೈಗೆ ಹೊಸ ಮುಲಾಮು, ಬಲಗೈಗೆ ಹಳೆಯದು. ಇವತ್ತು ಕೈಗಳ ಫೋಟೊ ತೆಗೆದುಕೊಂಡು, "ಎಡಗೈ ಪೂರ್ತಿ ವಾಸಿಯಾಗಿದೆ, ಹೊಸದು ಕೆಲಸ ಮಾಡ್ತಿದೆ" ಎಂದರು.

ಅವರು ಅತ್ತ ಹೋದದ್ದೇ, ಪಕ್ಕದ ಒಲೆಯಲ್ಲಿ ಗೂಡು ಬೇಯಿಸುವ ಧನಲಕ್ಷ್ಮಿ, "ನಂದೂ ಎಡಗೈಯೇ ವಾಸಿಯಾಗಿರದು ಕಣಕ್ಕ. ಬಿಸಿನೀರ್ಗೆ ನಾವು ಇಕ್ಕೋದು ಬಲಗೈ ತಾನೆ? ಅದ್ನ ಅವ್ರು ಕೇಳ್ಲೇ ಇಲ್ವಲ್ಲ" ಎಂದಳು.

ನಾನೂ ಹೇಳಲಿಲ್ಲ. ಹೇಳಿದರೆ ಟ್ಯೂಬು ನಿಲ್ಲಿಸಿಬಿಟ್ಟಾರು ಎಂಬ ಅಳುಕು.

ಈಗ ಹೊಸ ಮುಲಾಮನ್ನು ಬಲಗೈಗೆ ಮೆತ್ತಿಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಇದೇ ಕೈ ನೀರಿಗೆ ಇಳಿಯುತ್ತದೆ. ಮುಲಾಮಿನ ಬಂಡವಾಳ ಆಗ ಬಯಲಾಗಲಿ. ಬೆರಳೆಲ್ಲ ಜಿಡ್ಡು, ಪೆನ್ನು ಜಾರುತ್ತಿದೆ, ಇನ್ನು ಬರೆಯಲು…