ನೋಟಿಗೆ ಬಾಯಿಲ್ಲ

ಅಣ್ಣಾ,

ಇವತ್ತು ಅಮ್ಮ ಸಿಕ್ಕಿಬಿದ್ದಳು. ನೀನು ತೀರಿಕೊಂಡ ಮೇಲೂ ತಿಂಗಳು ತಿಂಗಳು ನಿನ್ನ ಮೊಬೈಲಿಗೆ ರೀಚಾರ್ಜ್ ಮಾಡಿಸುತ್ತಿದ್ದಳಂತೆ, ನಮಗ್ಯಾರಿಗೂ ಸುಳಿವು ಕೊಡದೆ. ಇವತ್ತು ಅಂಗಡಿಯವನು ನೋಟು ಬೇಡವೆಂದನಂತೆ, ಫೋನಿನಲ್ಲೇ ಕೊಟ್ಟಳು. ಅವಳ ಖಾತೆಯ ಸಂದೇಶ ಅಪ್ಪನ ಫೋನಿಗೂ ಹೋಗುವಂತೆ ಜೋಡಿಸಿಟ್ಟಿದ್ದವಳು ನಾನೇ. ಅವಳು ಮನೆ ಮುಟ್ಟುವ ಮೊದಲೇ ಅಪ್ಪನ ಜೇಬಿನಲ್ಲಿ ರೀಚಾರ್ಜ್ ಅಂಗಡಿಗೆ ದುಡ್ಡು ಹೋದ ಸುದ್ದಿ ಟಿಣ್ ಎಂದಿತ್ತು.

"ನಮ್ಮೆಲ್ಲರ ಫೋನಿಗೂ ಮೊನ್ನೆ ತಾನೆ ಹಾಕಿಸಿದ್ದೀನಿ. ಇದ್ಯಾರದ್ದು?" ಎಂದರು ಅಪ್ಪ.

ಅಮ್ಮ ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದಳು. "ಬಿಟ್ರೆ ಅವನ ನಂಬರು ಇನ್ಯಾರಿಗೋ ಕೊಟ್ಬಿಡ್ತಾರಂತೆ," ಎಂದಳು.

ಈಗ ಎಲ್ಲರ ಬಾಯಲ್ಲಿರುವ ಆ ಡಿಜಿಟಲ್ ನಾಣ್ಯಕ್ಕೆ ಇನ್ನೂ ಹೆಸರೇ ಇಲ್ಲದ ಕಾಲದಲ್ಲಿ, ಮುಖ ನೋಡಿರದ ಗೆಳೆಯರೊಂದಿಗೆ ನೀನು ಕಂಪ್ಯೂಟರಿನಲ್ಲಿ ವಾದಕ್ಕೆ ಕೂರುತ್ತಿದ್ದೆ: ಹಣ ಕೈಯಿಂದ ಕೈಗೆ ಹೋಗಬೇಕು, ನಡುವೆ ಬ್ಯಾಂಕು ಇರಬಾರದು, ಯಾರಿಗೆ, ಯಾಕೆ ಎಂದು ಯಾರೂ ಕೇಳಬಾರದು. "ನೋಟಿಗೆ ಬಾಯಿಲ್ಲ ಕಣೇ. ಅಂಥದ್ದೇ ಒಂದನ್ನ ಕಂಪ್ಯೂಟರಲ್ಲಿ ಮಾಡ್ಬೇಕು," ಅನ್ನುತ್ತಿದ್ದೆ.

"ಮುಚ್ಚಿಡೋಕೆ ನಮ್ಮನೇಲಿ ಏನಿದೆ ಮಹಾ?" ಎಂದು ನಾನು ನಕ್ಕಿದ್ದೆ.

ಈಗ ಕಂಡಕಂಡವರೆಲ್ಲ ಆ ನಾಣ್ಯದ ರೇಟು ಕೇಳುತ್ತಾರೆ. ನೀನು ಹೇಳುತ್ತಿದ್ದುದು ಯಾರಿಗೂ ಬೇಕಿಲ್ಲ.

ಸಂಜೆ ಅಮ್ಮನ ಕೈಗೆ ಒಂದಿಷ್ಟು ನೋಟು ತುರುಕಿದೆ.

"ಇದ್ಯಾತಕ್ಕೆ?"

"ಸುಮ್ನೆ ಇಟ್ಕೋಮ್ಮ."

ಕಿಟಕಿಯ ಹತ್ತಿರ ಕೂತಿದ್ದ ಅಪ್ಪ ಹೊರಗೆ ನೋಡುತ್ತಲೇ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಹಿಂದಿನ ಬೀದಿ ಅಂಗಡಿಯವನು ಈಗ್ಲೂ ನೋಟು ತಗೋತಾನೆ."

ಅಮ್ಮ ನೋಟುಗಳನ್ನು ಮಡಿಸಿ ಒಳಗಿಟ್ಟುಕೊಂಡಳು. ಆಮೇಲೆ ಯಾರೂ ಏನೂ ಕೇಳಲಿಲ್ಲ.