ಕಾರ್ಡಿನ ಮೆಸೇಜು

ಜೆ.ಪಿ. ನಗರ
ಶನಿವಾರ, ಜೂನ್ ೧೪

ರೀ,

‘ಮನೋಜ್ ಅವರಿಗೆ’ ಎಂದು ಶುರು ಮಾಡಿ ಒಂದು ಹಾಳೆ ಹರಿದುಹಾಕಿದೆ. ಅಮ್ಮ ಸೋಮವಾರ ಆಸ್ಪತ್ರೆಯಿಂದ ಬಂದರು. ವಾಕರ್ ಹಿಡಿದು ಮೆಲ್ಲಗೆ ನಡೆಯುತ್ತಾರೆ. ನನಗೆ ಮಾತ್ರ ಆ ದಿನದ ಗಾಬರಿ ಇನ್ನೂ ಇಳಿದಿಲ್ಲ. ಅಮ್ಮ ಬಿದ್ದ ಗಾಬರಿಯಲ್ಲ, ನಿಮ್ಮನ್ನು ನೋಡಿದ ಗಾಬರಿ.

ಬಚ್ಚಲಲ್ಲಿ ಜಾರಿದ ಅಮ್ಮನನ್ನು ಬನಶಂಕರಿಯ ಆಸ್ಪತ್ರೆಗೆ ಸೇರಿಸಿ, ಅಡ್ವಾನ್ಸ್ ಕಟ್ಟಲು ನಿಮ್ಮ ಖಾತೆಯ ಮೇಲೆ ನನಗೆ ಕೊಡಿಸಿದ್ದ ಕ್ರೆಡಿಟ್ ಕಾರ್ಡನ್ನೇ ಉಜ್ಜಿದೆ. ಯಾರಿಗೂ ಫೋನ್ ಮಾಡಿರಲಿಲ್ಲ. ಎಕ್ಸ್‌ರೇ ಮುಗಿಯುವಷ್ಟರಲ್ಲಿ ಗಿರಿನಗರದಿಂದ ಬಂದು, ಹೆಲ್ಮೆಟ್ ಕೂಡ ತೆಗೆಯದೆ ಕಾರಿಡಾರಿನಲ್ಲಿ ನಿಂತಿದ್ದಿರಿ. ಯಾರು ಹೇಳಿದರೆಂದು ಕೇಳಿದೆ.

“ಮೆಸೇಜ್ ಬಂತು, ಸೌಮ್ಯ. ನೀನು ಕಾರ್ಡ್ ಉಜ್ಜಿದಾಗೆಲ್ಲ ಎಲ್ಲಿ, ಎಷ್ಟು ಅಂತ ನನ್ನ ಫೋನಿಗೆ ಬರುತ್ತೆ.”

ನಾನು ಆ ಕಾರ್ಡನ್ನು ಇಟ್ಟುಕೊಂಡಿದ್ದು ಹಟಕ್ಕೆ. ಟಿವಿ, ಹೊಸ ಫೋನು, ಗೆಳೆಯರ ಪಾರ್ಟಿ ಎಲ್ಲಕ್ಕೂ ನೀವು ಕಾರ್ಡು ಕೊಟ್ಟು, ತಿಂಗಳಾದರೆ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿದ್ದಿರಿ. ಬಡ್ಡಿ ಬೆಳೆಯಿತು, ಮಾತು ಬೆಳೆಯಿತು, ಯುಗಾದಿಗೆ ಮೊದಲೇ ನಾನು ಅಮ್ಮನ ಮನೆಗೆ ಬಂದುಬಿಟ್ಟೆ. ಹಾಲು, ತರಕಾರಿ, ಅಮ್ಮನ ಮಾತ್ರೆ, ಗಾಡಿಗೆ ಪೆಟ್ರೋಲು, ಇಷ್ಟಕ್ಕೇ ಬಳಸಿ, ಗಡುವಿಗೆ ಮೊದಲೇ ಪೂರ್ತಿ ದುಡ್ಡು ನಿಮ್ಮ ಅಕೌಂಟಿಗೆ ಹಾಕಿದೆ. ತಿಂಗಳಿಗೊಮ್ಮೆ ಬಿಲ್ಲು ನೋಡಿ, ಕಾರ್ಡು ಬಳಸುವುದು ಹೀಗೆ ಎಂದು ನೀವು ಕಲಿಯಲಿ ಅಂತ. ದಿನಾ ನೋಡುತ್ತಿದ್ದೀರೆಂದು ನನಗೇನು ಗೊತ್ತು?

‘ಹಳೆಯ ಬಾಕಿಯೆಲ್ಲ ತೀರಿಸಿದೆ, ಈಗ ಅದರಲ್ಲಿ ನಿನ್ನ ಖರ್ಚೊಂದೇ’ ಎಂದಿರಿ. ಬೆಳಿಗ್ಗೆ ಹಾಲಿನ ಮೆಸೇಜು ಬಂದರೆ, ಎದ್ದಿದ್ದಾಳೆ, ಚೆನ್ನಾಗಿದ್ದಾಳೆ ಅಂದುಕೊಳ್ಳುತ್ತಿದ್ದಿರಂತೆ. ಇಷ್ಟು ದಿನ ಕಿಟಕಿಯಾಚೆ ಯಾರೋ ನಿಂತಿದ್ದ ಹಾಗೆ ಅನಿಸಿತು. ಸಿಟ್ಟೂ ಬಂತು. ಬೈಯಲು ಬಾಯಿ ತೆರೆದವಳಿಗೆ ಜಯನಗರದ ವಕೀಲರು ನೆನಪಾದರು. ಅಂದು ಪರ್ಸಿನಲ್ಲಿ ಕಾಸಿರಲಿಲ್ಲ, ಅವರ ಫೀಸನ್ನೂ ಇದರಲ್ಲೇ ಕೊಟ್ಟಿದ್ದೆ. ಅದೂ ಗೊತ್ತಾ ಎಂದು ಕೇಳಿದೆ.

“ಗೊತ್ತು. ಜಯದೇವಪ್ಪ ವಕೀಲರು. ಡೈವೋರ್ಸ್ ಕೇಸು ನೋಡ್ತಾರೆ.”

ಗಂಡನಿಗೆ ಈ ವಿಷಯ ತಿಳಿದದ್ದು ಬ್ಯಾಂಕಿನ ಮೆಸೇಜಿನಿಂದ. ಆಗಲೇ ಕಾರ್ಡು ನಿಲ್ಲಿಸಬಹುದಿತ್ತಲ್ಲ ಎಂದೆ.

“ನಿಲ್ಲಿಸಿದ್ರೆ ನಿನ್ನ ವಿಷಯ ನಂಗೆ ಹೆಂಗೆ ಗೊತ್ತಾಗೋದು?”

ಅಷ್ಟರಲ್ಲಿ ನರ್ಸ್ ಕರೆದರು. ನಾನು ಅಮ್ಮನ ಹತ್ತಿರ ಹೋದೆ.

ಇವತ್ತು ಕಾರ್ಡನ್ನು ಕತ್ತರಿಯಲ್ಲಿ ಎರಡು ತುಂಡು ಮಾಡಿದೆ. ಆಸ್ಪತ್ರೆಯ ದುಡ್ಡನ್ನು ಗಡುವಿನೊಳಗೆ ಹಾಕುತ್ತೇನೆ. ಇನ್ನು ನಿಮಗೆ ಯಾವ ಮೆಸೇಜೂ ಬರುವುದಿಲ್ಲ. ನಾನು ಹೇಗಿದ್ದೇನೆಂದು ತಿಳಿಯಬೇಕಿದ್ದರೆ ನನ್ನನ್ನೇ ಕೇಳಿ.

ಇಂತಿ,
ಸೌಮ್ಯ

ತಾ.ಕ.: ವಕೀಲರ ಹತ್ತಿರ ಮೊನ್ನೆ ಗುರುವಾರ ಎರಡನೇ ಸಲ ಹೋಗಬೇಕಿತ್ತು. ಹೋಗಲಿಲ್ಲ. ಹೋಗದೆ ಇದ್ದುದಕ್ಕೆ ಬ್ಯಾಂಕಿನವರು ಮೆಸೇಜು ಕಳಿಸುವುದಿಲ್ಲವಲ್ಲ, ಅದಕ್ಕೇ ಬರೆದೆ.